ಆಫೀಸಿನ ಮೇಲ್ ಸರ್ವರ್‌ನಲ್ಲಿ ಎಲ್ಲರಿಗೂ ಕಾಣುವ ಫೋಲ್ಡರ್ ಬೇಕಂತೆ. ಎಲ್ಲಿಂದ ಶುರು ಮಾಡಲಿ?

ತಾರಿಹಾಳ_ಸಿಸ್ಟಮ್
ನಮಸ್ಕಾರ್ರೀ ಎಲ್ಲರಿಗೂ. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ವಾಲ್ವ್ ಯೂನಿಟ್‌ನಲ್ಲಿ ಸಿಸ್ಟಮ್ಸ್ ನೋಡಿಕೊಳ್ಳುತ್ತೇನೆ. ಫ್ಯಾಕ್ಟರಿ ಇಲ್ಲಿ, ಸೇಲ್ಸ್ ಆಫೀಸ್ ಗೋಕುಲ ರೋಡ್‌ನಲ್ಲಿ, ಬೆಂಗಳೂರಿನಲ್ಲಿ ನಾಲ್ಕು ಜನ. ಒಟ್ಟು 45 ಮೇಲ್ ಐಡಿ. ಸರ್ವರ್ ನಮ್ಮದೇ, ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ 2016.

ತೊಂದರೆ ಇದು. ಎನ್‌ಕ್ವೈರಿ ಐಡಿಗೆ ಬಂದ ಮೇಲ್ ಡಿಸ್ಟ್ರಿಬ್ಯೂಷನ್ ಲಿಸ್ಟ್ ಮೂಲಕ ಆರು ಜನರಿಗೆ ಹೋಗುತ್ತದೆ. ಒಂದೋ ಆರೂ ಜನ ಸುಮ್ಮನಿರುತ್ತಾರೆ, ಇಲ್ಲಾ ಇಬ್ಬರು ಬೇರೆ ಬೇರೆ ರೇಟ್ ಕಳಿಸುತ್ತಾರೆ. ಹೋದ ತಿಂಗಳು ಗಿರಾಕಿಯೊಬ್ಬರು ಎರಡೂ ಕೊಟೇಶನ್ ಪ್ರಿಂಟ್ ತೆಗೆಸಿಕೊಂಡು ಬಂದರು. ಕಡಿಮೆ ರೇಟಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮಾಲೀಕರ ಟೇಬಲ್ ಮೇಲೆ ಇಟ್ಟರು. ಅದಕ್ಕೂ ಮುಂಚೆ ಪರ್ಚೇಸ್‌ನವರೊಬ್ಬರು ಕೆಲಸ ಬಿಟ್ಟಿದ್ದರು. ಸಪ್ಲೈಯರ್‌ಗಳ ಹಳೆಯ ಮೇಲ್ ಎಲ್ಲಾ ಅವರ ಲ್ಯಾಪ್‌ಟಾಪ್‌ನ ಪಿಎಸ್‌ಟಿ ಫೈಲ್‌ನಲ್ಲಿ (ಔಟ್‌ಲುಕ್ ಮೇಲ್ ಅನ್ನು ಸರ್ವರ್ ಬಿಟ್ಟು ಆ ಮಶೀನ್‌ನಲ್ಲೇ ಇಡುವ ಫೈಲ್). ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿಹೋಗಿದೆ.

ಈಗ ಮಾಲೀಕರ ಆರ್ಡರ್: "ಎಲ್ಲರಿಗೂ ಕಾಣೋ ಹಂಗ ಒಂದು ಫೋಲ್ಡರ್ ಮಾಡು." ಬಾಯಲ್ಲಿ ಹೇಳೋದು ಎಷ್ಟು ಸುಲಭ ಅಲ್ವಾ! ಪಬ್ಲಿಕ್ ಫೋಲ್ಡರ್ (ಸರ್ವರ್ ಮೇಲಿನ ಎಲ್ಲರ ಕಪಾಟು) ಮಾಡಲೋ, ಶೇರ್ಡ್ ಮೇಲ್‌ಬಾಕ್ಸ್ (ಹಲವರು ಸೇರಿ ನೋಡುವ ಒಂದೇ ಇನ್‌ಬಾಕ್ಸ್) ಮಾಡಲೋ? ಯಾರಿಗೆ ಯಾವ ಪರ್ಮಿಷನ್? ಹಳೆಯ ಮೇಲ್ ಏನು ಮಾಡಲಿ? ಮಾಡಿದವರು ಹೇಳಿ.

ಉಣಕಲ್_ಕೆರೆ
ಎಲ್ಲರಿಗೂ ಕಾಣಬೇಕಾ, ಇಲ್ಲಾ ಮಾಲೀಕರಿಗೆ ಎಲ್ಲಾ ಕಾಣಬೇಕಾ? ಮೊದಲು ಅದನ್ನ ಕೇಳಿಕೊಂಡು ಬನ್ನಿ 😄

ಟೋಲ್‌ನಾಕಾ
ವಾಟ್ಸಾಪ್ ಗ್ರೂಪ್ ಮಾಡಿ ಮುಗಿಸಿ ಹೋಗ್ರೀ. 45 ಜನಕ್ಕೆ ಇಷ್ಟೆಲ್ಲಾ ಯಾಕೆ?

ತಾರಿಹಾಳ_ಸಿಸ್ಟಮ್
ಅದೂ ಇದೆ ಸರ್. ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಪರ್ಚೇಸ್ ಆರ್ಡರ್ ಹುಡುಕುತ್ತಾ ಕೂತಿದ್ದೇವೆ.

ವಿದ್ಯಾನಗರ_ಅಡ್ಮಿನ್
ಪಬ್ಲಿಕ್ ಫೋಲ್ಡರೋ ಶೇರ್ಡ್ ಮೇಲ್‌ಬಾಕ್ಸೋ ಅಂತ ಕೇಳುವುದಕ್ಕಿಂತ ಮುಂಚೆ ಇನ್ನೊಂದು ಕೇಳಿಕೊಳ್ಳಿ. ಬಂದ ಮೇಲ್‌ಗೆ ಯಾರಾದರೂ ಉತ್ತರ ಕೊಡಬೇಕಾ, ಇಲ್ಲಾ ಸುಮ್ನೆ ಇಟ್ಟುಕೊಂಡಿದ್ದರೆ ಸಾಕಾ? ಉತ್ತರ ಕೊಡಬೇಕಾದದ್ದು ಶೇರ್ಡ್ ಮೇಲ್‌ಬಾಕ್ಸ್‌ಗೆ ಹೋಗಲಿ. ಇಟ್ಟುಕೊಳ್ಳುವುದು ಪಬ್ಲಿಕ್ ಫೋಲ್ಡರ್‌ಗೆ ಹೋಗಲಿ. ನಿಮ್ಮ ಎನ್‌ಕ್ವೈರಿ ಮೊದಲನೆಯದು. ಸಪ್ಲೈಯರ್‌ಗಳ ಹಳೆಯ ಮೇಲ್ ಎರಡನೆಯದು. ಎರಡನ್ನೂ ಒಂದೇ ಕಡೆ ತುರುಕಲು ಹೋದರೆ ಎರಡೂ ಕೆಡುತ್ತವೆ.

ದೊಡ್ಡ ವ್ಯತ್ಯಾಸ ಇರುವುದು 'ಓದಿದೆ' ಅನ್ನುವ ಗುರುತಿನಲ್ಲಿ. ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಒಬ್ಬರು ತೆರೆದರೆ ಎಲ್ಲರಿಗೂ ಓದಿದ ಹಾಗೆ ಕಾಣುತ್ತದೆ. ಪಬ್ಲಿಕ್ ಫೋಲ್ಡರ್‌ನಲ್ಲಿ ಡೀಫಾಲ್ಟ್ ಆಗಿ ಪ್ರತಿಯೊಬ್ಬರಿಗೂ ಅವರವರ ಗುರುತು. ನೀವು ಓದಿದ್ದೀರೋ ಇಲ್ಲವೋ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಸರ್ಕ್ಯುಲರ್ ಇಡುವ ಫೋಲ್ಡರ್‌ಗೆ ಇದು ಬಹಳ ಒಳ್ಳೆಯದು. ಎನ್‌ಕ್ವೈರಿಗೆ ಬೇಡ, ಈಗಿನ ಡಿಸ್ಟ್ರಿಬ್ಯೂಷನ್ ಲಿಸ್ಟ್ ಗೋಳೇ ಮತ್ತೆ ಬರುತ್ತದೆ.

ಮೊಬೈಲ್ ಇನ್ನೊಂದು ಕಾರಣ. ಫೋನಿನ ಔಟ್‌ಲುಕ್ ಆ್ಯಪ್‌ನಲ್ಲಿ ಪಬ್ಲಿಕ್ ಫೋಲ್ಡರ್ ಕಾಣುವುದಿಲ್ಲ. ನಿಮ್ಮ ಸೇಲ್ಸ್‌ನವರು ದಿನವಿಡೀ ರಸ್ತೆ ಮೇಲೆ ಇರುವವರಾದರೆ ಇದೊಂದೇ ಸಾಕು.

ಗೋಕುಲ_ಗೇರ್
ವಿದ್ಯಾನಗರ ಸರ್, ಒಂದು ತಕರಾರು. 'ಒಬ್ಬರು ತೆರೆದರೆ ಎಲ್ಲರಿಗೂ ಓದಿದ ಹಾಗೆ' ಅನ್ನೋದೇ ದೊಡ್ಡ ಕಾಟ. ನಮ್ಮಲ್ಲಿ ರೀಡಿಂಗ್ ಪೇನ್ (ಮೇಲ್ ಅನ್ನು ಪಟ್ಟಿಯ ಪಕ್ಕದಲ್ಲೇ ತೋರಿಸುವ ಕಿಟಕಿ) ಆನ್ ಇಟ್ಟುಕೊಂಡು ಒಬ್ಬರು ಬಾಣದ ಕೀ ಒತ್ತುತ್ತಾ ಕೆಳಗೆ ಹೋದರು ಅಂದರೆ ಮುಗೀತು, ಹತ್ತು ಎನ್‌ಕ್ವೈರಿ 'ಓದಿದೆ' ಆಗಿಬಿಡುತ್ತವೆ. ಉಳಿದವರು ಯಾರೋ ಮಾಡಿದ್ದಾರೆ ಅಂತ ಬಿಟ್ಟುಬಿಡುತ್ತಾರೆ.

ವಿದ್ಯಾನಗರ_ಅಡ್ಮಿನ್
ಹೌದು. ಅದಕ್ಕೆ ಆ ಗುರುತನ್ನು ನಂಬಲೇಬಾರದು. ಕೆಲಸ ಮುಗಿಯಿತಾ ಇಲ್ಲವಾ ಅನ್ನೋದನ್ನು ಮೇಲ್ ಯಾವ ಫೋಲ್ಡರ್‌ನಲ್ಲಿದೆ ಅನ್ನೋದೇ ಹೇಳಬೇಕು. ಕೈಗೆತ್ತಿಕೊಂಡವರು ತಮ್ಮ ಹೆಸರಿನ ಕೆಟಗರಿ ಬಣ್ಣ ಹಾಕಲಿ. ಉತ್ತರ ಕಳಿಸಿದ ಮೇಲೆ 'ಉತ್ತರ ಆಯಿತು' ಫೋಲ್ಡರ್‌ಗೆ ಸರಿಸಲಿ. ಇನ್‌ಬಾಕ್ಸ್‌ನಲ್ಲಿ ಉಳಿದದ್ದೆಲ್ಲಾ ಬಾಕಿ ಕೆಲಸ. ಸಂಜೆ ಮಾಲೀಕರು ಇನ್‌ಬಾಕ್ಸ್ ಒಂದನ್ನೇ ನೋಡಿದರೆ ಸಾಕು.

ಚಿಗರಿ_ಪ್ಯಾಸೆಂಜರ್
ಗೂಗಲ್ ವರ್ಕ್‌ಸ್ಪೇಸ್ ಇದ್ದವರಿಗೆ ಇದೇ ಕೆಲಸಕ್ಕೆ ಗೂಗಲ್ ಗ್ರೂಪ್ಸ್‌ನಲ್ಲಿ ಕೊಲಾಬೊರೇಟಿವ್ ಇನ್‌ಬಾಕ್ಸ್ ಇದೆ. ಮೇಲ್ ಅನ್ನು ಒಬ್ಬರ ಹೆಸರಿಗೆ ಹಚ್ಚಬಹುದು, ಮುಗಿದ ಮೇಲೆ 'ಕಂಪ್ಲೀಟ್' ಒತ್ತಬಹುದು. ಬಣ್ಣಗಿಣ್ಣದ ಜಂಜಾಟ ಇಲ್ಲ.

ತಾರಿಹಾಳ_ಸಿಸ್ಟಮ್
ಸದ್ಯಕ್ಕೆ ಸರ್ವರ್ ಬದಲಾಯಿಸುವ ಮಾತೇ ಇಲ್ಲ ರೀ.

ಹಳೇಬಸ್‌ಸ್ಟ್ಯಾಂಡ್
ಬದಲಾಯಿಸದೆ ಗತಿ ಇಲ್ಲ ಅಣ್ಣಾ. ಎಕ್ಸ್‌ಚೇಂಜ್ 2016 ಮತ್ತು 2019, ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ವಂತ ಸರ್ವರ್ ಬೇಕು ಅಂದರೆ ಈಗಿರುವುದು ಎಕ್ಸ್‌ಚೇಂಜ್ ಸರ್ವರ್ ಸಬ್‌ಸ್ಕ್ರಿಪ್ಷನ್ ಎಡಿಷನ್, 2025ರ ಜುಲೈನಲ್ಲಿ ಬಂದದ್ದು. 2019 ಇದ್ದವರು ಅದೇ ಮಶೀನ್ ಮೇಲೆ ಅಪ್‌ಗ್ರೇಡ್ ಮಾಡಿಕೊಳ್ಳಬಹುದು. 2016 ಇದ್ದವರಿಗೆ ಆ ದಾರಿ ಇಲ್ಲ. ಹೊಸ ಸರ್ವರ್ ಎಬ್ಬಿಸಿ ಮೇಲ್‌ಬಾಕ್ಸ್‌ಗಳನ್ನು ಅದಕ್ಕೆ ಸಾಗಿಸಬೇಕು.

ಅಂದರೆ ನೀವು ಈಗ ಹಳೆಯ ಸರ್ವರ್ ಮೇಲೆ ಫೋಲ್ಡರ್ ಕಟ್ಟಿ, ಆರು ತಿಂಗಳಿಗೆ ಮತ್ತೆ ಸಾಗಿಸುತ್ತೀರಿ. ಎರಡೆರಡು ಸಲ ಯಾಕೆ ಒದ್ದಾಡ್ತೀರಿ? ಫೋಲ್ಡರ್‌ಗಳ ಪ್ಲ್ಯಾನ್ ಈಗ ಪೇಪರ್ ಮೇಲೆ ಮಾಡಿ. ಕಟ್ಟುವುದು ಹೊಸ ಸರ್ವರ್ ಮೇಲೆ.

ಟೋಲ್‌ನಾಕಾ
ಪಬ್ಲಿಕ್ ಫೋಲ್ಡರ್ ಸತ್ತುಹೋದ ಟೆಕ್ನಾಲಜಿ ಅಲ್ವಾ? ಇನ್ನೂ ಯಾರು ಬಳಸುತ್ತಾರೆ?

ಹಳೇಬಸ್‌ಸ್ಟ್ಯಾಂಡ್
ಸಾಯುತ್ತೆ ಸಾಯುತ್ತೆ ಅಂತ ಎಕ್ಸ್‌ಚೇಂಜ್ 2007ರ ಕಾಲದಿಂದ ಕೇಳುತ್ತಿದ್ದೇವೆ. 1996ರ ಎಕ್ಸ್‌ಚೇಂಜ್ 4.0 ಜೊತೆ ಬಂದದ್ದು, ಇನ್ನೂ ಇದೆ. 2013ರ ಆವೃತ್ತಿಯಲ್ಲಿ ಒಳಗಿನ ಕಟ್ಟಡವನ್ನೇ ಬದಲಾಯಿಸಿದರು. ಮುಂಚೆ ಪಬ್ಲಿಕ್ ಫೋಲ್ಡರ್‌ಗೆ ಅದರದ್ದೇ ಪ್ರತ್ಯೇಕ ಡೇಟಾಬೇಸ್ ಇತ್ತು. ಈಗ ಅದೂ ಒಂದು ಥರದ ಮೇಲ್‌ಬಾಕ್ಸ್.

ನವನಗರ_ನೆಟ್
ಹಾಗಾದರೆ ಹುಬ್ಬಳ್ಳಿ ಸರ್ವರ್‌ನಲ್ಲಿ ಒಂದು ಕಾಪಿ, ಬೆಂಗಳೂರಿನಲ್ಲಿ ಒಂದು ಕಾಪಿ ಇಡಿ. ಪಬ್ಲಿಕ್ ಫೋಲ್ಡರ್ ತಾನೇ ಎರಡೂ ಕಡೆ ರೆಪ್ಲಿಕೇಟ್ ಆಗುತ್ತದೆ. ಬೆಂಗಳೂರಿನವರಿಗೆ ಸ್ಪೀಡೂ ಸಿಗುತ್ತದೆ.

ವಿದ್ಯಾನಗರ_ಅಡ್ಮಿನ್
ಅದು 2010ರ ಆವೃತ್ತಿವರೆಗಿನ ಮಾತು ಸರ್. 2013ರಿಂದ ಹಾಗಿಲ್ಲ. ಒಂದು ಫೋಲ್ಡರ್‌ನ ಒಳಗಿನ ಮೇಲ್‌ಗಳು ಒಂದೇ ಪಬ್ಲಿಕ್ ಫೋಲ್ಡರ್ ಮೇಲ್‌ಬಾಕ್ಸ್‌ನಲ್ಲಿ ಇರುತ್ತವೆ. ಫೋಲ್ಡರ್‌ಗಳ ಪಟ್ಟಿ, ಅಂದರೆ ಹೈರಾರ್ಕಿ, ಮಾತ್ರ ಎಲ್ಲಾ ಪಬ್ಲಿಕ್ ಫೋಲ್ಡರ್ ಮೇಲ್‌ಬಾಕ್ಸ್‌ಗಳಲ್ಲೂ ಇರುತ್ತದೆ. ಅದರಲ್ಲೂ ಬರೆಯಲು ಬರುವ ಪ್ರತಿ ಒಂದೇ, ಉಳಿದವು ಓದಲು ಮಾತ್ರ. ಸರ್ವರ್ ಕೆಟ್ಟರೂ ಮೇಲ್ ಸಿಗಬೇಕು ಅಂದರೆ ಉಳಿದ ಮೇಲ್‌ಬಾಕ್ಸ್‌ಗಳ ಹಾಗೆ ಡೇಟಾಬೇಸ್ ಕಾಪಿ ಇಟ್ಟುಕೊಳ್ಳಬೇಕು. ಬೆಂಗಳೂರಿನ ನಾಲ್ಕು ಜನರಿಗಾಗಿ ಇನ್ನೊಂದು ಸರ್ವರ್ ಅಂದರೆ ದುಡ್ಡು ದಂಡ.

ನವನಗರ_ನೆಟ್
ಓಹ್, ಸರಿ. ನಾನು ಕೈ ಹಾಕಿದ್ದು 2010ರದ್ದೇ.

ಕೇಶ್ವಾಪುರ_ಲೆಕ್ಕ
ನಾನು ಸಿಸ್ಟಮ್‌ನವಳಲ್ಲ, ಆಡಿಟ್ ಕಡೆಯವಳು. ಪಿಎಸ್‌ಟಿ ಅಂತ ಓದಿದೆ, ತಡೆಯಲಾಗಲಿಲ್ಲ. ಕಂಪನಿ ಆಗಿದ್ದರೆ 2013ರ ಕಂಪನಿ ಕಾಯ್ದೆ ಸೆಕ್ಷನ್ 128ರ ಪ್ರಕಾರ ಲೆಕ್ಕದ ಪುಸ್ತಕ, ಅದರ ವೋಚರ್ ಸಮೇತ, 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿಯಲ್ಲಿ ಆ ವರ್ಷದ ವಾರ್ಷಿಕ ರಿಟರ್ನ್ ಕೊನೆಯ ದಿನಾಂಕದಿಂದ 72 ತಿಂಗಳು. ಇನ್‌ವಾಯ್ಸ್, ರೇಟ್ ಒಪ್ಪಿಕೊಂಡದ್ದು, ಡೆಬಿಟ್ ನೋಟ್, ಎಲ್ಲಾ ಈಗ ಮೇಲ್‌ನಲ್ಲೇ ಬರುತ್ತವೆ. ಅವು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಆಡಿಟ್ ಟೈಮ್‌ನಲ್ಲಿ ನನ್ನ ತಲೆ ತಿಂತೀರಿ.

ನನ್ನ ಬೇಡಿಕೆ ಇಷ್ಟೇ. ಅಕೌಂಟ್ಸ್ ಫೋಲ್ಡರ್ ಅನ್ನು ಹಣಕಾಸು ವರ್ಷದ ಲೆಕ್ಕದಲ್ಲಿ ಮಾಡಿ. ಏಪ್ರಿಲ್‌ನಿಂದ ಮಾರ್ಚ್. ಜನವರಿಯಿಂದ ಡಿಸೆಂಬರ್ ಮಾಡಬೇಡಿ, ಕೈ ಮುಗಿತೀನಿ.

ಗೋಕುಲ_ಗೇರ್
ಮೇಡಂ ಮಾತಿಗೆ ನೂರು ಮಾರ್ಕು. ಪಿಎಸ್‌ಟಿ ಇರೋ ಮಶೀನ್ ಹಾಳಾಗುವುದು ಯಾವಾಗಲೂ ಮಾರ್ಚ್ 28ಕ್ಕೇ.

ಬೆಟಗೇರಿ_ಲಿನಕ್ಸ್
ಗದಗಿನಿಂದ. ಇಲ್ಲಿ ಪ್ರಿಂಟಿಂಗ್ ಪ್ರೆಸ್‌ನವರಿಗೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ ಹಾಕಿ ಕೊಡುತ್ತೇನೆ. ಲೈಸೆನ್ಸ್ ಖರ್ಚು ಸೊನ್ನೆ. ಎಕ್ಸ್‌ಚೇಂಜ್ ಬಿಡುವುದಾದರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಡವ್‌ಕಾಟ್‌ನಲ್ಲಿ ಪಬ್ಲಿಕ್ ನೇಮ್‌ಸ್ಪೇಸ್ (ಎಲ್ಲರ ಫೋಲ್ಡರ್‌ಗಳ ಜಾಗ) ಒಂದನ್ನು ಮಾಡಿ ಎಸಿಎಲ್ (ಯಾರಿಗೆ ಯಾವ ಪರ್ಮಿಷನ್ ಅನ್ನುವ ಪಟ್ಟಿ) ಪ್ಲಗಿನ್ ಹಚ್ಚಬೇಕು. ಪರ್ಮಿಷನ್‌ಗಳು ಒಂದೊಂದು ಅಕ್ಷರ. ಎಲ್ ಅಂದರೆ ಫೋಲ್ಡರ್ ಕಾಣುತ್ತದೆ, ಆರ್ ಅಂದರೆ ಓದಬಹುದು, ಐ ಅಂದರೆ ಮೇಲ್ ತಂದು ಹಾಕಬಹುದು. ಟಿ ಅಂದರೆ ಅಳಿಸಿದೆ ಅಂತ ಗುರುತು ಹಾಕಬಹುದು, ಇ ಅಂದರೆ ನಿಜವಾಗಿ ತೆಗೆದುಹಾಕಬಹುದು. ಸಾಮಾನ್ಯ ಜನಕ್ಕೆ ಟಿ ಕೊಡಿ, ಇ ಕೊಡಬೇಡಿ. ಅಳಿಸಿದ ಹಾಗೆ ಅವರಿಗೆ ಕಾಣುತ್ತದೆ, ಮೇಲ್ ಮಾತ್ರ ಎಲ್ಲೂ ಹೋಗಿರುವುದಿಲ್ಲ.

ಪಿ ಅಕ್ಷರ ಮರೆಯುವವರು ಬಹಳ. ಸೀವ್ ಸ್ಕ್ರಿಪ್ಟ್ (ಮೇಲ್ ವಿಂಗಡಿಸುವ ನಿಯಮ) ಮೂಲಕ ಬಂದ ಮೇಲ್ ತಾನಾಗಿ ಆ ಫೋಲ್ಡರ್‌ಗೆ ಬೀಳಬೇಕು ಅಂದರೆ ಪಿ ಬೇಕು. ಬರೀ ಐ ಇದ್ದರೆ ಕೈಯಿಂದ ಎಳೆದು ಹಾಕಬಹುದು ಅಷ್ಟೇ.

ಥಂಡರ್‌ಬರ್ಡ್‌ನಲ್ಲಿ (ಔಟ್‌ಲುಕ್ ಥರದ ಮೇಲ್ ಸಾಫ್ಟ್‌ವೇರ್) ಫೋಲ್ಡರ್ ಕಾಣ್ತಿಲ್ಲ ಅಂತ ಫೋನ್ ಬರುತ್ತದೆ. ಅಕೌಂಟ್ ಮೇಲೆ ರೈಟ್ ಕ್ಲಿಕ್, ಸಬ್‌ಸ್ಕ್ರೈಬ್, ಟಿಕ್. ಮುಗಿಯಿತು.

ಹಳೇಬಸ್‌ಸ್ಟ್ಯಾಂಡ್
ಲೈಸೆನ್ಸ್ ಸೊನ್ನೆ, ಒಪ್ಪಿದೆ. ನೀವು ಊರಲ್ಲಿ ಇಲ್ಲದಾಗ ಎಸಿಎಲ್ ಫೈಲ್ ಯಾರು ತಿದ್ದುತ್ತಾರೆ?

ಬೆಟಗೇರಿ_ಲಿನಕ್ಸ್
ದೂರದಿಂದಲೇ ಸರ್ವರ್‌ಗೆ ಲಾಗಿನ್ ಆಗೋಕೆ ಎಸ್‌ಎಸ್‌ಎಚ್ ಅಂತ ಒಂದು ಬಂದಿದೆ, ಕೇಳಿಲ್ವಾ? 😄 ಎಕ್ಸ್‌ಚೇಂಜ್ ಅಡ್ಮಿನ್ ರಜೆಗೆ ಹೋದರೂ ಕಥೆ ಅದೇ. ಜನ ಬೇಕು ಅನ್ನೋದು ಎರಡಕ್ಕೂ ಒಂದೇ.

ಹಳೇಬಸ್‌ಸ್ಟ್ಯಾಂಡ್
ಎಕ್ಸ್‌ಚೇಂಜ್ ಗೊತ್ತಿರುವವರು ಹುಬ್ಬಳ್ಳಿಯಲ್ಲಿ ಹುಡುಕಿದರೆ ಸಿಗುತ್ತಾರೆ. ಡವ್‌ಕಾಟ್ ಗೊತ್ತಿರುವವರು ಬೇಕು ಅಂದರೆ ಗದಗಿಗೇ ಬರಬೇಕು. ಅದೇ ನಾನು ಹೇಳಿದ್ದು.

ಬ್ಯಾಡಗಿ_ರಂಗು
ನಾವು ಮೆಣಸಿನಕಾಯಿ ಎಕ್ಸ್‌ಪೋರ್ಟ್. ನಮ್ಮಲ್ಲಿ ಮೇಲ್ ಎನೇಬಲ್ ಮಾಡಿದ ಪಬ್ಲಿಕ್ ಫೋಲ್ಡರ್ ಇದೆ, ಹೆಸರು 'ಲ್ಯಾಬ್ ರಿಪೋರ್ಟ್'. ಅದಕ್ಕೆ ತನ್ನದೇ ಮೇಲ್ ಐಡಿ. ಸ್ಯಾಂಪಲ್ ಪರೀಕ್ಷೆ ಮಾಡಿದ ಲ್ಯಾಬ್‌ನವರು ಆಸ್ಟಾ ಬಣ್ಣದ ಅಂಕಿ, ಅಫ್ಲಾಟಾಕ್ಸಿನ್, ಕೀಟನಾಶಕದ ಉಳಿಕೆ, ಎಲ್ಲಾ ರಿಪೋರ್ಟ್ ನೇರ ಅದಕ್ಕೇ ಕಳಿಸುತ್ತಾರೆ. ಗೋದಾಮಿನವರು, ಡಾಕ್ಯುಮೆಂಟ್ ಮಾಡುವವರು, ಮಾಲೀಕರು ಮೂರೂ ಕಡೆ ಕಾಣುತ್ತದೆ. ಯಾರೂ ಯಾರಿಗೂ ಫಾರ್ವರ್ಡ್ ಮಾಡಬೇಕಿಲ್ಲ.

ಶುರುವಿನಲ್ಲಿ ಒಂದು ವಿಚಿತ್ರ ಆಯಿತು. ಒಳಗಿನಿಂದ ಕಳಿಸಿದ ಟೆಸ್ಟ್ ಮೇಲ್ ಚೆನ್ನಾಗಿ ಬೀಳುತ್ತಿತ್ತು, ಲ್ಯಾಬ್‌ನವರ ಮೇಲ್ ಮಾತ್ರ ಬೌನ್ಸ್. ಸೆಟಪ್ ಮಾಡಿದವರು ಎರಡು ದಿನ ಡಿಎನ್‌ಎಸ್, ಸ್ಪ್ಯಾಮ್ ಫಿಲ್ಟರ್ ಅಂತ ತಡಕಾಡಿದರು. ಕಂಟೇನರ್ ಲೋಡ್ ಆಗಿ ನಿಂತಿದೆ, ರಿಪೋರ್ಟ್ ಇಲ್ಲ. ಲ್ಯಾಬ್‌ನವರಿಗೆ ಜಿಮೇಲ್ ಐಡಿ ಕೊಟ್ಟು ತರಿಸಿಕೊಂಡೆವು. ಕಾರಣ ಯಾರಿಗಾದರೂ ಗೊತ್ತಾ?

ವಿದ್ಯಾನಗರ_ಅಡ್ಮಿನ್
ಅನಾನಿಮಸ್.

ಬ್ಯಾಡಗಿ_ರಂಗು
ಅದೇ! ಫೋಲ್ಡರ್ ಪರ್ಮಿಷನ್ ಪಟ್ಟಿಯಲ್ಲಿ 'ಡೀಫಾಲ್ಟ್' (ಪಟ್ಟಿಯಲ್ಲಿ ಹೆಸರಿಲ್ಲದ ಒಳಗಿನವರು), 'ಅನಾನಿಮಸ್' ಅಂತ ಎರಡು ಸಾಲು ಮೊದಲಿನಿಂದಲೇ ಇರುತ್ತವೆ. ಹೊರಗಿನಿಂದ ಬರುವ ಮೇಲ್ ಸರ್ವರ್ ಪಾಲಿಗೆ ಅನಾನಿಮಸ್. ಅದಕ್ಕೆ 'ಐಟಂ ಸೃಷ್ಟಿಸಬಹುದು' ಅನ್ನುವ ಪರ್ಮಿಷನ್ ಬೇಕು, ಅಂದರೆ ಕಾಂಟ್ರಿಬ್ಯೂಟರ್ ರೋಲ್. ಕಾಂಟ್ರಿಬ್ಯೂಟರ್ ಮೇಲ್ ಹಾಕಬಹುದು, ಒಳಗೆ ಇರುವುದನ್ನು ನೋಡಲು ಆಗುವುದಿಲ್ಲ. ದೇವಸ್ಥಾನದ ಹುಂಡಿ ಇದ್ದ ಹಾಗೆ. ಆ ಒಂದು ಸಾಲು ಬದಲಾಯಿಸಿದ ಕೂಡಲೇ ಮೇಲ್ ಬರತೊಡಗಿತು.

ತಾರಿಹಾಳ_ಸಿಸ್ಟಮ್
ಇದು ಬರೆದಿಟ್ಟುಕೊಂಡೆ. ನಮ್ಮ ಕಾಸ್ಟಿಂಗ್ ಸಪ್ಲೈಯರ್‌ಗಳ ಟೆಸ್ಟ್ ಸರ್ಟಿಫಿಕೇಟ್‌ಗೆ ಇದೇ ಬೇಕು.

ಉಣಕಲ್_ಕೆರೆ
ಬ್ಯಾಡಗಿಯವರೇ, ಈ ವರ್ಷ ಕಡ್ಡಿ ಮೆಣಸಿನಕಾಯಿಗೆ ರೇಟ್ ಹೇಗಿದೆ?

ಬ್ಯಾಡಗಿ_ರಂಗು
ಅದಕ್ಕೆ ಬೇರೆ ಫೋಲ್ಡರ್ ಇದೆ ಸರ್. ನಿಮಗೆ ಪರ್ಮಿಷನ್ ಇಲ್ಲ.

ರಾಣೇಬೆನ್ನೂರು_ಬೀಜ
😂😂

ವಿಷಯಕ್ಕೆ ಬರ್ತೀನಿ. ಫೋಲ್ಡರ್ ಮರ ಹೇಗಿರಬೇಕು ಅನ್ನೋದು ಯಾರೂ ಮಾತಾಡಲೇ ಇಲ್ಲ. ನಮ್ಮ ಬೀಜದ ವ್ಯಾಪಾರದಲ್ಲಿ ಮುಂಗಾರು, ಹಿಂಗಾರು ಅಂತ ಹಂಗಾಮಿನ ಲೆಕ್ಕ. ಅದರೊಳಗೆ ಬೆಳೆ, ಅದರೊಳಗೆ ಡೀಲರ್. ಹುಡುಕಲು ಬಹಳ ಸುಲಭ. ವಾಲ್ವ್ ಯೂನಿಟ್‌ನವರು ಗಿರಾಕಿಯ ಹೆಸರಿನಲ್ಲಿ ಮಾಡಲಿ. ಒಬ್ಬ ಗಿರಾಕಿ, ಒಂದು ಫೋಲ್ಡರ್.

ಗೋಕುಲ_ಗೇರ್
ಗಿರಾಕಿ ಮೊದಲು ಮಾಡಿದರೆ ಕೊಟೇಶನ್, ಪೇಮೆಂಟ್, ಕಂಪ್ಲೇಂಟ್ ಎಲ್ಲಾ ಒಂದೇ ಮನೆಯಲ್ಲಿ. ಪೇಮೆಂಟ್ ವಿಷಯ ಸರ್ವೀಸ್ ಹುಡುಗರಿಗೆ ಯಾಕೆ ಕಾಣಬೇಕು?

ರಾಣೇಬೆನ್ನೂರು_ಬೀಜ
ಪೇಮೆಂಟ್ ಒಳಫೋಲ್ಡರ್‌ಗೆ ಬೇರೆ ಪರ್ಮಿಷನ್ ಹಾಕಿ. ಅದೇನು ದೊಡ್ಡ ಕೆಲಸ?

ಗೋಕುಲ_ಗೇರ್
ಇನ್ನೂರು ಗಿರಾಕಿ ಇದ್ದರೆ ಇನ್ನೂರು ಸಲ ಹಾಕುತ್ತಾ ಕೂರಬೇಕು. ಅಕೌಂಟ್ಸ್‌ಗೆ ಹೊಸಬರು ಬಂದರೆ ಮತ್ತೆ ಇನ್ನೂರು ಸಲ.

ವಿದ್ಯಾನಗರ_ಅಡ್ಮಿನ್
ಗೋಕುಲ ಅವರು ಹೇಳಿದ್ದು ಸರಿ. ಪರ್ಮಿಷನ್ ಎಲ್ಲಿ ಬದಲಾಗುತ್ತದೋ ಅಲ್ಲೇ ಮೊದಲು ಫೋಲ್ಡರ್ ಒಡೆಯಬೇಕು. ಅಂದರೆ ಮೇಲಿನ ಹಂತದಲ್ಲಿ ವಿಭಾಗ. ಅದರ ಕೆಳಗೆ ಬೇಕಾದರೆ ಗಿರಾಕಿ ಮಾಡಿ, ವರ್ಷ ಮಾಡಿ, ಹಂಗಾಮು ಮಾಡಿ. ಅದು ಆ ವಿಭಾಗದವರ ಖುಷಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಎಕ್ಸ್‌ಚೇಂಜ್‌ನಲ್ಲಿ ಹೊಸ ಒಳಫೋಲ್ಡರ್ ಹುಟ್ಟಿದಾಗ ಮೇಲಿನ ಫೋಲ್ಡರ್‌ನ ಪರ್ಮಿಷನ್ ನಕಲು ಆಗುತ್ತದೆ. ಅದು ಹುಟ್ಟುವಾಗ ಮಾತ್ರ. ಆಮೇಲೆ ಮೇಲಿನದ್ದನ್ನು ಬದಲಾಯಿಸಿದರೆ ಕೆಳಗಿನದ್ದು ತಾನಾಗಿ ಬದಲಾಗುವುದಿಲ್ಲ. ವಿಂಡೋಸ್ ಫೈಲ್ ಸರ್ವರ್ ಅಭ್ಯಾಸ ಇರುವವರು ಇದನ್ನ ನಂಬುವುದೇ ಇಲ್ಲ. ಒಳಫೋಲ್ಡರ್‌ಗಳಿಗೂ ಹಚ್ಚು ಅಂತ ಅಡ್ಮಿನ್ ಸೆಂಟರ್‌ನಲ್ಲಿ ಟಿಕ್ ಮಾಡಬೇಕು, ಇಲ್ಲಾ ಸ್ಕ್ರಿಪ್ಟ್ ಓಡಿಸಬೇಕು.

ಅದಕ್ಕೇ ಪರ್ಮಿಷನ್ ಅನ್ನು ಜನರಿಗೆ ಕೊಡಬೇಡಿ, ಗ್ರೂಪ್‌ಗೆ ಕೊಡಿ. ಮೇಲ್ ಎನೇಬಲ್ಡ್ ಸೆಕ್ಯೂರಿಟಿ ಗ್ರೂಪ್ (ಮೇಲ್ ಐಡಿಯೂ ಇರುವ, ಪರ್ಮಿಷನ್ ಕೊಡಲು ಬರುವ ಗ್ರೂಪ್) ಆಗಿರಬೇಕು. ಸೇಲ್ಸ್‌ಗೆ ಹೊಸಬರು ಬಂದರೆ ಗ್ರೂಪ್‌ಗೆ ಸೇರಿಸಿ, ಹೋದವರನ್ನು ತೆಗೆಯಿರಿ. ಫೋಲ್ಡರ್ ಮುಟ್ಟುವುದೇ ಬೇಡ.

ಲೈನ್‌ಬಜಾರ್
ರೋಲ್ ಬಗ್ಗೆ ನಾನೂ ಎರಡು ಮಾತು ಹೇಳ್ತೀನಿ. ಧಾರವಾಡದಲ್ಲಿ ನನಗೆ ಗೊತ್ತಿರುವ ಒಂದು ಆಫೀಸ್‌ನಲ್ಲಿ ತಲೆನೋವೇ ಬೇಡ ಅಂತ ಎಲ್ಲರಿಗೂ ಪಬ್ಲಿಷಿಂಗ್ ಎಡಿಟರ್ ಕೊಟ್ಟಿದ್ದರು. ಯಾರ ಮೇಲ್ ಯಾರು ಬೇಕಾದರೂ ಅಳಿಸಬಹುದು, ಫೋಲ್ಡರ್ ಕೂಡ ಮಾಡಬಹುದು. ಮಾಡಿದವರು ಅದರ ಓನರ್. ಒಂದು ಮಧ್ಯಾಹ್ನ 'ಟೆಂಡರ್ 2022–23' ಫೋಲ್ಡರ್ ಮಾಯ. ಇಡೀ ಆಫೀಸ್ ಗಡಗಡ. ಬ್ಯಾಕಪ್ ಟೇಪ್ ಹುಡುಕಲು ಹೊರಟಿದ್ದರು. ಕೊನೆಗೆ ನೋಡಿದರೆ 'ಟೀ-ತಿಂಡಿ ಬಿಲ್' ಅನ್ನುವ ಪಕ್ಕದ ಫೋಲ್ಡರ್ ಒಳಗೆ ಹೋಗಿ ಕೂತಿದೆ. ಅದನ್ನು ಮಾಡಿದವರು ಸ್ಕ್ರೋಲ್ ಮಾಡುವಾಗ ಮೌಸ್ ಒತ್ತಿಹಿಡಿದು ಎಳೆದುಬಿಟ್ಟಿದ್ದರು.

ಸಾಮಾನ್ಯ ಜನಕ್ಕೆ ಆಥರ್ ಸಾಕು. ಎಲ್ಲಾ ಓದಬಹುದು, ಹೊಸದು ಹಾಕಬಹುದು, ತಮ್ಮದನ್ನು ಮಾತ್ರ ತಿದ್ದಿ ಅಳಿಸಬಹುದು. ಫೋಲ್ಡರ್ ಸರಿಸಲು ಆಗುವುದಿಲ್ಲ. ನೋಡಿದರೆ ಸಾಕು ಅನ್ನುವವರಿಗೆ ರಿವ್ಯೂವರ್. ಓನರ್ ವಿಭಾಗಕ್ಕೆ ಒಬ್ಬರೇ, ಅವರು ರಜೆ ಹಾಕಿದರೆ ಇನ್ನೊಬ್ಬರು.

ಟೋಲ್‌ನಾಕಾ
ಟೀ-ತಿಂಡಿ ಬಿಲ್‌ಗೂ ಫೋಲ್ಡರ್ ಇಟ್ಟ ಆಫೀಸ್ ಯಾವುದ್ರೀ, ಅಲ್ಲಿ ಕೆಲಸ ಖಾಲಿ ಇದೆಯಾ?

ಚಿಗರಿ_ಪ್ಯಾಸೆಂಜರ್
ಧಾರವಾಡ ಆಫೀಸ್ ಅಂದಮೇಲೆ ತಿಂಡಿ ಬಿಲ್ ಟೆಂಡರ್‌ಗಿಂತ ದೊಡ್ಡದೇ ಇರುತ್ತೆ. ಗಿರ್ಮಿಟ್, ಮಿರ್ಚಿ, ಮೇಲೆ ಫೇಡೆ.

ಲೈನ್‌ಬಜಾರ್
ಹುಬ್ಬಳ್ಳಿಯವರು ನಮ್ಮ ಫೇಡೆ ತಿಂದು ನಮ್ಮನ್ನೇ ಆಡಿಕೊಳ್ಳೋದು ಹೊಸದೇನಲ್ಲ ಬಿಡಿ.

ತಾರಿಹಾಳ_ಸಿಸ್ಟಮ್
ಎಲ್ಲರ ಮಾತು ಸೇರಿಸಿ ಒಂದು ಕರಡು ಮಾಡಿದ್ದೇನೆ. ಬೈಯಿರಿ.

ಎನ್‌ಕ್ವೈರಿ ಮತ್ತು ಸರ್ವೀಸ್, ಎರಡು ಶೇರ್ಡ್ ಮೇಲ್‌ಬಾಕ್ಸ್. ಪಬ್ಲಿಕ್ ಫೋಲ್ಡರ್‌ನಲ್ಲಿ ಮೇಲಿನ ಹಂತ: 01 ಸೇಲ್ಸ್, 02 ಪರ್ಚೇಸ್, 03 ಕ್ವಾಲಿಟಿ, 04 ಅಕೌಂಟ್ಸ್, 05 ಸರ್ಕ್ಯುಲರ್. ಪರ್ಚೇಸ್ ಕೆಳಗೆ ಸಪ್ಲೈಯರ್ ಹೆಸರು, ಅಕೌಂಟ್ಸ್ ಕೆಳಗೆ ಹಣಕಾಸು ವರ್ಷ. ಕ್ವಾಲಿಟಿ ಕೆಳಗೆ 'ಟೆಸ್ಟ್ ಸರ್ಟಿಫಿಕೇಟ್' ಫೋಲ್ಡರ್‌ಗೆ ಸ್ವಂತ ಮೇಲ್ ಐಡಿ, ಅನಾನಿಮಸ್ ಕಾಂಟ್ರಿಬ್ಯೂಟರ್. ಡೀಫಾಲ್ಟ್‌ಗೆ ಸರ್ಕ್ಯುಲರ್‌ನಲ್ಲಿ ಮಾತ್ರ ರಿವ್ಯೂವರ್, ಉಳಿದ ಕಡೆ 'ನನ್', ಅಂದರೆ ಯಾವ ಪರ್ಮಿಷನ್ನೂ ಇಲ್ಲ. ಡ್ರಾಯಿಂಗ್‌ಗೆ 06 ಅಂತ ಇನ್ನೊಂದು. ಇದ್ದ ಪಿಎಸ್‌ಟಿ ಎಲ್ಲಾ '99 ಹಳೆಯದು' ಒಳಗೆ ಇಂಪೋರ್ಟ್.

ಹಳೇಬಸ್‌ಸ್ಟ್ಯಾಂಡ್
06 ಹೊಡೆದು ಹಾಕಿ. ಡ್ರಾಯಿಂಗ್ ಮೇಲ್ ಸರ್ವರ್‌ನಲ್ಲಿ ಇಡುವ ವಸ್ತು ಅಲ್ಲ. ಯಾವುದು ಕೊನೆಯ ರಿವಿಷನ್ ಅಂತ ಗೊತ್ತಾಗದೆ ಹಳೆಯ ಡ್ರಾಯಿಂಗ್ ಪ್ರಕಾರ ಮಾಲು ಕೊರೆದುಬಿಡುತ್ತಾರೆ. ಅದಕ್ಕೆ ಫೈಲ್ ಸರ್ವರ್, ಇಲ್ಲಾ ನ್ಯಾಸ್ ಡಬ್ಬಿ (ನೆಟ್‌ವರ್ಕ್‌ಗೆ ಹಚ್ಚುವ ಸ್ಟೋರೇಜ್).

ವಿದ್ಯಾನಗರ_ಅಡ್ಮಿನ್
99 ಕೂಡ. ಪಿಎಸ್‌ಟಿ ಹಾಗೇ ಸುರಿದರೆ ಅದರೊಳಗಿನ ಮದುವೆ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಮೇಲ್ ಎಲ್ಲಾ ಊರಿಗೇ ಕಾಣುತ್ತದೆ. ಪಿಎಸ್‌ಟಿ ಅವರವರ ಮೇಲ್‌ಬಾಕ್ಸ್‌ಗೆ ಮೊದಲು ಹೋಗಲಿ. ಅಲ್ಲಿಂದ ಬೇಕಾದ್ದನ್ನು ಅವರೇ ಎಳೆದು ಹಾಕಲಿ. ನಿಧಾನ ಆಗುತ್ತೆ, ಆಗಲಿ.

ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಎರಡು ವಿಷಯ ಬಿಟ್ಟಿದ್ದೀರಿ. ಫುಲ್ ಆಕ್ಸೆಸ್ (ಮೇಲ್‌ಬಾಕ್ಸ್ ತೆರೆಯುವ ಹಕ್ಕು) ಬೇರೆ, ಸೆಂಡ್ ಆ್ಯಸ್ (ಆ ಐಡಿಯ ಹೆಸರಿನಲ್ಲೇ ಕಳಿಸುವ ಹಕ್ಕು) ಬೇರೆ. ಒಂದು ಕೊಟ್ಟರೆ ಇನ್ನೊಂದು ಬರುವುದಿಲ್ಲ. ಎರಡನೆಯದು, ಶೇರ್ಡ್ ಐಡಿಯಿಂದ ಕಳಿಸಿದ ಉತ್ತರ ಡೀಫಾಲ್ಟ್ ಆಗಿ ಕಳಿಸಿದವರ ಸ್ವಂತ ಸೆಂಟ್ ಐಟಮ್ಸ್‌ಗೆ ಹೋಗುತ್ತದೆ. ಮತ್ತೆ ಎರಡು ರೇಟಿನ ಕಥೆ! ಸೆಟ್-ಮೇಲ್‌ಬಾಕ್ಸ್ ಕಮಾಂಡ್‌ನಲ್ಲಿ ಸೆಂಟ್ ಆ್ಯಸ್ ಮೇಲ್‌ಗೆ ಪ್ರತಿ ಇಡುವ ಆಯ್ಕೆ ಇದೆ, ಸೆಂಡ್ ಆನ್ ಬಿಹಾಫ್‌ಗೆ (ಆ ಐಡಿಯ ಪರವಾಗಿ ಅಂತ ಕಳಿಸಿದ್ದಕ್ಕೆ) ಬೇರೆ ಇದೆ. ಎರಡೂ ಆನ್ ಮಾಡಿ.

ನವನಗರ_ನೆಟ್
ಫುಲ್ ಆಕ್ಸೆಸ್ ಗ್ರೂಪ್‌ಗೆ ಕೊಟ್ಟರೆ ಔಟ್‌ಲುಕ್‌ನಲ್ಲಿ ಮೇಲ್‌ಬಾಕ್ಸ್ ತಾನಾಗಿ ಬರುವುದಿಲ್ಲ. ಒಬ್ಬೊಬ್ಬರ ಹೆಸರಿಗೆ ಕೊಟ್ಟರೆ ಮಾತ್ರ ಆಟೋಮ್ಯಾಪ್ ಆಗುತ್ತೆ. ಗ್ರೂಪ್ ಆದರೆ ಕೈಯಿಂದ ಸೇರಿಸಬೇಕು.

ಗೋಕುಲ_ಗೇರ್
ಆರು ಜನಕ್ಕೆ ಕೈಯಿಂದಲೇ ಸೇರಿಸಿ. ಗ್ರೂಪೇ ಇರಲಿ.

ನವನಗರ_ನೆಟ್
ಆರು ಜನಕ್ಕೆ ಹೆಸರಿಗೇ ಕೊಟ್ಟರೂ ನಡೆಯುತ್ತೆ ಅಂತ ನನ್ನ ಅಭಿಪ್ರಾಯ. ಎಲ್ಲದಕ್ಕೂ ಗ್ರೂಪ್ ಮಾಡುತ್ತಾ ಹೋದರೆ ಜನಕ್ಕಿಂತ ಗ್ರೂಪೇ ಜಾಸ್ತಿ ಆಗುತ್ತವೆ.

ಕೇಶ್ವಾಪುರ_ಲೆಕ್ಕ
ಬ್ಯಾಕಪ್ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ. ನನ್ನ 8 ವರ್ಷ?

ಹಳೇಬಸ್‌ಸ್ಟ್ಯಾಂಡ್
ಮೇಡಂ, ಅಳಿಸಿದ ಮೇಲ್ ಡೀಫಾಲ್ಟ್ ಆಗಿ 14 ದಿನ ಸರ್ವರ್‌ನಲ್ಲಿ ಉಳಿದಿರುತ್ತದೆ, ಅದರೊಳಗೆ ವಾಪಸ್ ತರಬಹುದು. ಅದು ಕೈತಪ್ಪಿ ಅಳಿಸಿದ್ದಕ್ಕೆ. ನಿಮ್ಮ 8 ವರ್ಷಕ್ಕೆ ಸರಿಯಾದ ಬ್ಯಾಕಪ್ಪೇ ಬೇಕು. ಪಬ್ಲಿಕ್ ಫೋಲ್ಡರ್ ಈಗ ಸಾದಾ ಡೇಟಾಬೇಸ್‌ನಲ್ಲೇ ಇರುವುದರಿಂದ ಆ ಡೇಟಾಬೇಸ್ ಬ್ಯಾಕಪ್ ಆದರೆ ಇದೂ ಆಯಿತು. ಒಂದು ಪ್ರತಿ ಕಟ್ಟಡದ ಹೊರಗೆ ಇರಲಿ. ಮೂರು ತಿಂಗಳಿಗೊಮ್ಮೆ ಒಂದು ಫೋಲ್ಡರ್ ರಿಸ್ಟೋರ್ ಮಾಡಿ ನೋಡಿ. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ನನ್ನ ಲೆಕ್ಕದಲ್ಲಿ ಬ್ಯಾಕಪ್ ಅಲ್ಲ.

ಲೈನ್‌ಬಜಾರ್
ಶುರು ಮಾಡುವ ದಿನದ ಬಗ್ಗೆ: 45 ಜನಕ್ಕೂ ಒಂದೇ ದಿನ ಬಿಡಬೇಡಿ. ಮೊದಲು ಪರ್ಚೇಸ್. ಅಲ್ಲಿ ಪಿಎಸ್‌ಟಿ ಪೆಟ್ಟು ತಿಂದಿದ್ದಾರೆ, ಬೇಡ ಅನ್ನುವುದಿಲ್ಲ. ಅಲ್ಲಿ ಕುದುರಿದ ಮೇಲೆ ಸೇಲ್ಸ್. ಮಾರ್ಚ್, ಏಪ್ರಿಲ್ ಮೊದಲ ವಾರ ಮಾತ್ರ ಏನೂ ಮುಟ್ಟಬೇಡಿ. ಮತ್ತೆ ಪಬ್ಲಿಕ್ ಫೋಲ್ಡರ್ ಔಟ್‌ಲುಕ್‌ನ ಸಾದಾ ಮೇಲ್ ಪಟ್ಟಿಯಲ್ಲಿ ಕಾಣುವುದಿಲ್ಲ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಕಂಟ್ರೋಲ್ ಜೊತೆ 6 ಒತ್ತಿದರೆ ಫೋಲ್ಡರ್ ಪಟ್ಟಿ ಬರುತ್ತದೆ. ಅಲ್ಲಿಂದ ಫೇವರಿಟ್ಸ್‌ಗೆ ಸೇರಿಸಿಕೊಡಿ. ಇದನ್ನ ಒಬ್ಬೊಬ್ಬರ ಟೇಬಲ್‌ಗೆ ಹೋಗಿ ತೋರಿಸಲೇಬೇಕು. ಸರ್ಕ್ಯುಲರ್ ಕಳಿಸಿದರೆ ಯಾರೂ ಓದಲ್ಲ.

ತಾರಿಹಾಳ_ಸಿಸ್ಟಮ್
ಮಾಲೀಕರ ಜೊತೆ ಮಾತಾಡಿದೆ. ಹೊಸ ಸರ್ವರ್‌ಗೆ ಕೊಟೇಶನ್ ತರಿಸು ಅಂದರು. ಅಲ್ಲಿಯವರೆಗೆ ಎನ್‌ಕ್ವೈರಿ ಶೇರ್ಡ್ ಮೇಲ್‌ಬಾಕ್ಸ್ ಮಾತ್ರ ಈಗಲೇ ಮಾಡುತ್ತೇನೆ, ಸಾಗಿಸಲು ಅದು ಸುಲಭ. 06, 99 ಎರಡೂ ಕಿತ್ತು ಹಾಕಿದೆ. ಮಾಲೀಕರಿಗೆ ಎಲ್ಲಾ ಫೋಲ್ಡರ್‌ಗೂ ಓನರ್ ಬೇಕಂತೆ.

ಉಣಕಲ್_ಕೆರೆ
ನಾನು ಮೊದಲೇ ಹೇಳಿರಲಿಲ್ವಾ.

ಲೈನ್‌ಬಜಾರ್
ರಿವ್ಯೂವರ್ ಕೊಡಿ. ಎಲ್ಲಾ ಕಾಣುತ್ತೆ ಅಲ್ವಾ, ಅವರಿಗೆ ಅಷ್ಟೇ ಬೇಕಾಗಿರೋದು. ಎಳೆದುಹಾಕುವ ಭಯವೂ ಇಲ್ಲ.

ಬೆಟಗೇರಿ_ಲಿನಕ್ಸ್
ಸಂಬಳ ಕೊಡುವವರಿಗೆ ರಿವ್ಯೂವರ್ ಅಂತ ಹೇಳುವ ಧೈರ್ಯ ಲೈನ್‌ಬಜಾರ್‌ನವರಿಗೇ ಇರಲಿ.

ರಾಣೇಬೆನ್ನೂರು_ಬೀಜ
ಒಂದು ಉಪಪ್ರಶ್ನೆ. ನಮ್ಮ ಸ್ಕ್ಯಾನರ್‌ನಿಂದ ಡೆಲಿವರಿ ಚಲನ್ ನೇರ ಪಬ್ಲಿಕ್ ಫೋಲ್ಡರ್‌ಗೆ ಹಾಕಬಹುದಾ? ಈಗ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ನಲ್ಲಿ ಓಡಾಡಿಸುತ್ತಿದ್ದೇವೆ.

ವಿದ್ಯಾನಗರ_ಅಡ್ಮಿನ್
ಹಾಕಬಹುದು. ಫೋಲ್ಡರ್ ಮೇಲ್ ಎನೇಬಲ್ ಮಾಡಿ. ಸ್ಕ್ಯಾನರ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್) ಜಾಗದಲ್ಲಿ ಎಕ್ಸ್‌ಚೇಂಜ್ ಸರ್ವರ್ ಐಪಿ ಕೊಡಿ, ಪೋರ್ಟ್ 25. ಸ್ಕ್ಯಾನರ್ ಲಾಗಿನ್ ಆಗದೆ ಕಳಿಸುವುದರಿಂದ ಅದೂ ಅನಾನಿಮಸ್ಸೇ. ಬ್ಯಾಡಗಿಯವರು ಹೇಳಿದ ಕಾಂಟ್ರಿಬ್ಯೂಟರ್ ಸಾಲು ಇಲ್ಲೂ ಬೇಕು. ಸೈಜ್ ನೋಡಿಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಡೀಫಾಲ್ಟ್ ಮಿತಿ 10 ಎಂಬಿ. ಮೇಲ್‌ನಲ್ಲಿ ಹೋಗುವಾಗ ಅಟ್ಯಾಚ್‌ಮೆಂಟ್ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ, ಹಾಗಾಗಿ 8 ಎಂಬಿ ಸ್ಕ್ಯಾನ್ ಕೂಡ ಬೌನ್ಸ್ ಆಗಬಹುದು. ಚಲನ್‌ಗೆ ಕಪ್ಪು-ಬಿಳುಪು, 200 ಡಿಪಿಐ ಸಾಕು.

ರಾಣೇಬೆನ್ನೂರು_ಬೀಜ
ನಮ್ಮವರು ಕಲರ್ 600ರಲ್ಲಿ ಹೊಡೀತಿದ್ದಾರೆ. ನಾಳೆಯೇ ಬದಲಾಯಿಸ್ತೀನಿ.